ಬಟ್ಟಲು ಬೇರೆಯಾದ ದಿನಗಳು

ಸೆ. 3, ಬುಧವಾರ
ಅಂಗಡಿ ಶಟರ್ ಎತ್ತುವಷ್ಟರಲ್ಲಿ ಮೈಯೆಲ್ಲ ಬೆವರು. ಜ್ವರ ಹಿಡಿದು ಎರಡು ವಾರ ದಾಟಿತು. ಕುತ್ತಿಗೆಯಲ್ಲಿ ಗಂಟು, ಬಾಯಿಗೆ ರುಚಿ ಇಲ್ಲ, ಮೈ ಒದ್ದೆ ಗೋಣಿಯ ಹಾಗೆ ಭಾರ. ಕಾಣಿಯೂರಿನಲ್ಲಿ ಪ್ರತಿ ಗಿರಾಕಿಯೂ ಡಾಕ್ಟರೇ. ಅಕ್ಕಿಗೆ ಬಂದ ಕುಕ್ಕಪ್ಪಣ್ಣ, "ಡೆಂಗ್ಯೂವೇ ಮಾರಾಯ, ಸಂಶಯ ಬೇಡ" ಅಂದರು. ಅವರ ಹಿಂದೆ ನಿಂತವರು ಇಲಿಜ್ವರ ಅಂದರು. ಇನ್ನು ಪುತ್ತೂರಿನ ಆಸ್ಪತ್ರೆಗೆ ಹೋಗುವುದೇ.

ಸೆ. 6, ಶನಿವಾರ
ಡೆಂಗ್ಯೂ ಅಲ್ಲ! ಇಲಿಜ್ವರವೂ ಅಲ್ಲ. ಸೈಟೊಮೆಗಲೊವೈರಸ್ — ಹೆಸರೇ ಗೂಡ್ಸ್ ರೈಲಿನಷ್ಟು ಉದ್ದ. ಸಿಎಂವಿ ಅಂದರೆ ಸಾಕಂತೆ. ಲಿವರಿಗೆ ಸ್ವಲ್ಪ ತಾಗಿದೆ, ಹೊಟ್ಟೆಯ ಎಡಗಡೆಯ ಗುಲ್ಮ, ಅದೇ ಸ್ಪ್ಲೀನ್, ಊದಿದೆ. "ಜ್ವರ ತನ್ನಿಂದ ತಾನೇ ಹೋಗ್ತದೆ. ಮೂಟೆ ಮಾತ್ರ ಎತ್ತುದು ಬೇಡ. ಗುಲ್ಮ ಒಡೆದ್ರೆ ಜೀವಕ್ಕೇ ಅಪಾಯ," ಅಂದರು ಡಾಕ್ಟರ್ ರಾಧಾಕೃಷ್ಣ. ಎಂಜಲಿನಿಂದ ಹರಡುತ್ತದಂತೆ, ಸಣ್ಣ ಮಕ್ಕಳಿಂದ ಹೆಚ್ಚು. ತಂಗಿಯ ಮಗಳು ತಾನು ಚೀಪಿದ ರಸ್ಕನ್ನು ನನ್ನ ಬಾಯಿಗೆ ತುರುಕುತ್ತಿದ್ದದ್ದು ನೆನಪಾಗಿ ನಗು ಬಂತು.

ಏಳುವಾಗ ಕೇಳಿದರು, "ಮನೆಯಲ್ಲಿ ಬಸುರಿ ಹೆಂಗಸರು ಯಾರಾದ್ರೂ ಇದ್ದಾರಾ?"

ನನ್ನ ಹೆಂಡತಿ ಅಮೀರಾಳಿಗೆ ಈಗ ನಾಲ್ಕು ತಿಂಗಳು.

ತಾಯಿಗೆ ಮೊದಲ ಸಲ ಬಂದರೆ ಹೊಟ್ಟೆಯ ಮಗುವಿಗೂ ಹೋಗಬಹುದು, ಮಗುವಿಗೆ ಕಿವಿ ಕೇಳದೆ ಹೋಗಬಹುದು... ಹೆಂಡತಿಯ ರಕ್ತ ಪರೀಕ್ಷೆ ಮಾಡಿಸು ಅಂದರು. ಹೂಂ ಅಂದೆ. ನಮ್ಮ ಮನೆಯಲ್ಲಿ ಎಲ್ಲರೂ ಉಣ್ಣುವುದು ಒಂದೇ ಹರಿವಾಣದಲ್ಲಿ. ಜ್ವರ ಬಂದ ಮೇಲೂ ಹಾಗೇ. ನಿನ್ನೆ ಕೂಡ ನಾನು ಕಲಸಿ ಉಂಡ ಅನ್ನದ್ದೇ ತುತ್ತು ಅವಳ ಬಾಯಿಗೆ ಇಟ್ಟಿದ್ದೆ.

ಸೆ. 8, ಸೋಮವಾರ
ಅಮೀರಾಳಿಗೆ ಇನ್ನೂ ಹೇಳಲಿಲ್ಲ. ಬಾಯಿಯೇ ಬರಲಿಲ್ಲ. ಬೇರೆ ಬಟ್ಟಲಿಗೆ ಅನ್ನ ಹಾಕಿಕೊಂಡು ಮೂಲೆಯಲ್ಲಿ ಕುಳಿತೆ. ಪಥ್ಯ ಅಂದೆ. ಹೆತ್ತ ಉಮ್ಮ ಬಿಟ್ಟಾರೆಯೇ? "ಒಟ್ಟಿಗೆ ಉಂಡ್ರೆ ಬರ್ಕತ್, ಮನೆಗೆ ಒಳ್ಳೇದು. ಗಂಡ ಹೆಂಡತಿಗೆ ಜಗಳವಾ ಎಂತ?" ಅಮೀರಾ ತಲೆ ಎತ್ತಲಿಲ್ಲ.

ಸೆ. 11, ಸಂಜೆ
ಅಮೀರಾ ಚಾ ಲೋಟ ಕುಕ್ಕಿದಳು. "ನಾನು ದಿನಾ ವಾಂತಿ ಮಾಡುದು ನೋಡಿ ಹೇಸಿಗೆ ಆಯ್ತಾ ನಿಮಗೆ?"

ಅಯ್ಯೋ. ಎಲ್ಲಿಂದ ಎಲ್ಲಿಗೆ! ಎಲ್ಲ ಹೇಳಿಬಿಟ್ಟೆ. ಅಳುತ್ತಾಳೆ ಅಂದುಕೊಂಡಿದ್ದೆ, ಬೈದಳು. "ಹೊಟ್ಟೆಯಲ್ಲಿರುದು ನಿಮ್ಮೊಬ್ಬರದ್ದಾ? ಒಬ್ಬರೇ ಹೆದರಿಕೊಂಡು ಕೂರ್ಲಿಕ್ಕೆ ಯಾರು ಹೇಳಿದ್ದು? ನಾಳೆಯೇ ಹೋಗುವ."

ಸರಿಯಾಗಿ ಬೈಸಿಕೊಂಡೆ. ಮನಸ್ಸು ಹಗುರ.

ಸೆ. 12, ಶುಕ್ರವಾರ
ಅವಳ ರಕ್ತ ಕೊಟ್ಟು ಬಂದೆವು. ವಾಪಸು ಬರುವಾಗ ಬಸ್ಸು ಸವಣೂರು ದಾಟಿತು. ಆಮೇಲೆ ಅಮೀರಾ ಮೆಲ್ಲಗೆ, "ಕಿವಿ ಕೇಳದಿದ್ರೆ ನನ್ನ ದನಿ ಅದಕ್ಕೆ ಗೊತ್ತೇ ಆಗುದಿಲ್ಲ ಅಲ್ವಾ?"

ಅವಳ ಕೈ ಹಿಡಿದುಕೊಂಡೆ.

ಸೆ. 18, ಗುರುವಾರ
ಅಲ್‌ಹಮ್ದುಲಿಲ್ಲಾಹ್. ಡಾಕ್ಟರ ಫೋನು.

"ಹೆಂಡತಿಗೆ ಹಿಂದೆ ಯಾವಾಗಲೋ ಬಂದು ಹೋಗಿದೆ. ಈಗ ನಿನ್ನಿಂದ ಬಂದದ್ದಲ್ಲ. ಅಪಾಯ ಇಲ್ಲವೇ ಇಲ್ಲ ಅಂತ ಹೇಳುದಿಲ್ಲ, ಆದ್ರೆ ತೀರಾ ಕಡಿಮೆ. ಸ್ಕ್ಯಾನ್ ನೋಡ್ತಾ ಹೋಗುವ."

ಅಕ್ಕಿ ಮೂಟೆಯ ಮೇಲೆ ಕುಳಿತುಬಿಟ್ಟೆ. ಎತ್ತಬಾರದು ಅಂದಿದ್ದರು, ಕೂರಬಾರದು ಅಂದಿರಲಿಲ್ಲ. ಕಣ್ಣಲ್ಲಿ ನೀರು. ಕುಕ್ಕಪ್ಪಣ್ಣ ಗಾಬರಿಯಾಗಿ, "ಎಂತ, ಡೆಂಗ್ಯೂವೇ ಅಂತಾ?"

ಮದುವೆಗೆ ಮೊದಲು ಅಮೀರಾ ಅಂಗನವಾಡಿ ಟೀಚರ್. "ಆ ಮಕ್ಕಳ ಮೂಗು ಒರೆಸಿ ಒರೆಸಿ ಬಂದಿರ್ಬೇಕು," ಅಂದಳು. ಏನು ಹೆಮ್ಮೆ!

ಇನ್ನೂ ಸ್ವಲ್ಪ ಸಮಯ ಬಟ್ಟಲು ಬೇರೆಯೇ ಇರಲಿ ಅಂದಿದ್ದಾರೆ ಡಾಕ್ಟರು. ಅಮೀರಾ ಮೂಲೆಯಲ್ಲಿದ್ದ ನನ್ನ ಬಟ್ಟಲನ್ನು ಎತ್ತಿ ತಂದು ಹರಿವಾಣಕ್ಕೆ ತಾಗಿಸಿ ಇಟ್ಟಳು. "ತಾಗಿಸಬಾರದು ಅಂತ ಹೇಳ್ಲಿಲ್ಲ ಅಲ್ವಾ?" ಉಮ್ಮ ನಕ್ಕರು.

ಈಗ ಅಡಿಗೆಮನೆಯಿಂದ ಜೋರಾಗಿ ಕರೆಯುತ್ತಿದ್ದಾಳೆ. ನನ್ನನ್ನಲ್ಲ, ಹೊಟ್ಟೆಯನ್ನು. "ಕೇಳ್ತಾ ಉಂಟಾ? ನಿನ್ನ ಉಪ್ಪನಿಗೆ ಹೇಳು, ಅನ್ನ ತಣ್ಣಗಾಗ್ತದೆ."

ಕೇಳ್ತಾ ಉಂಟು. ಅಪ್ಪನಿಗೂ ಮಗುವಿಗೂ, ಇಬ್ಬರಿಗೂ ಕೇಳ್ತಾ ಉಂಟು.