ಕೋಟೆಗೋಡೆಯ ಮೇಲೆ ಗಿಲೇನ್ ಜೊತೆ

ಮೇ ೧೨, ಭಾನುವಾರ. ಸಾಂ ಮಾಲೊ.

ಅಮ್ಮನಿಗೆ ಸುಳ್ಳು ಹೇಳಿ ಹೋದದ್ದು ಇಡೀ ದಿನ ಕೊರೆಯುತ್ತಿತ್ತು. ಗಿಲೇನ್ ನನ್ನ ಅಪ್ಪನಿಗೆ ಇನ್ನೊಬ್ಬಳಲ್ಲಿ ಹುಟ್ಟಿದ ಮಗಳು, ನನಗಿಂತ ಆರು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ ಪತ್ರ ಬರೆದು, ಇವತ್ತು ಮೊದಲ ಸಲ ಲೀಲ್‌ನಿಂದ ರೈಲಿನಲ್ಲಿ ಬಂದಳು. ಏನು ಮಾತಾಡುವುದೆಂದು ತಿಳಿಯದೆ ಊರು ತೋರಿಸಲು ಹೊರಟೆ.

ಕೋಟೆಗೋಡೆಯ ಮೇಲೆ ಒಂದು ಸುತ್ತು ನಡೆದೆವು. ಬಂದರು, ಚರ್ಚಿನ ಶಿಖರ, ಫಿರಂಗಿಗಳು ಎಂದು ನಾನು ಹೇಳುತ್ತಲೇ ಇದ್ದೆ.

"ಸಾಕು ಕಣೇ ಆರ್ಮೆಲ್!" ಎಂದು ಅವಳು ನಕ್ಕುಬಿಟ್ಟಳು. "ಫಿರಂಗಿ ನೋಡೋಕೆ ಇಷ್ಟು ದೂರ ಬಂದ್ನಾ? ಅಪ್ಪ ಹೇಗಿದ್ರು, ಅದು ಹೇಳು."

"ಸಿಟ್ಟು ಜಾಸ್ತಿ. ಎಪ್ಪತ್ತು ವರ್ಷ ಸಮುದ್ರದ ಪಕ್ಕದಲ್ಲೇ ಇದ್ರೂ ಈಜೋಕೆ ಬರ್ತಿರ್ಲಿಲ್ಲ."

"ನಂಗೂ ಬರಲ್ಲ!"

ಸಮುದ್ರ ಇಳಿದು, ಎದುರಿನ ಪುಟ್ಟ ದ್ವೀಪಕ್ಕೆ ನಡೆದು ಹೋಗುವಷ್ಟು ಮರಳು ತೆರೆದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಮರಳಿನ ಮೇಲೆ ದ್ವೀಪದವರೆಗೂ ಹೋದೆವು. ಪಾದಕ್ಕೆ ಒಂದು ಸಣ್ಣ ಅಲೆ ತಗುಲಿದ್ದೇ ತಡ, ನನ್ನ ಕೈ ಹಿಡಿದವಳು ದಡ ಸೇರುವವರೆಗೂ ಬಿಡಲಿಲ್ಲ. ನನಗೂ ಬಿಡಿಸಿಕೊಳ್ಳಬೇಕೆನಿಸಲಿಲ್ಲ. ಈಗಲೂ ಆ ಬಿಸಿ ಅಂಗೈಯಲ್ಲೇ ಇದ್ದಂತಿದೆ.

ರೈಲು ಹತ್ತುವಾಗ ಮೆಲ್ಲಗೆ ಹೇಳಿದಳು: "ಸಮಾಧಿ ನೋಡ್ಬೇಕಿತ್ತು. ನಿಮ್ಮಮ್ಮಂಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ."

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಮೇಜು ಒರೆಸುತ್ತಲೇ ಇದ್ದಳು.

"ಮುಂದಿನ ಸಲ ಕರ್ಕೊಂಡು ಹೋಗು. ನಾನಂತೂ ಬರಲ್ಲ," ಎಂದಳು ಕೊನೆಗೆ. "ಅಲ್ಲಿರೋ ಹೂಕುಂಡಕ್ಕೆ ಮಾತ್ರ ನೀರು ಹಾಕೋದು ಮರೀಬೇಡಿ."

ಮರೀಬೇಡಿ ಎಂದಳು, ನಮ್ಮಿಬ್ಬರನ್ನೂ ಸೇರಿಸಿ. ಗಿಲೇನ್‌ಗೆ ಈಗಲೇ ಬರೆಯಬೇಕು, ಆದರೆ ಕಣ್ಣು ಎಳೆಯುತ್ತಿದೆ...