ಬಾಸುಂದಿಯೂ ಬಿಳಿ ಬೆಕ್ಕೂ

ಮನೆಯಿಂದ,
ಗುರುವಾರ, ಸಂಜೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಅಲ್ಲಿ ನಿನಗೆ ನಿದ್ದೆ ಸರಿಯಾಗಿ ಬರುತ್ತಿದೆಯೋ, ಇಲ್ಲ ನಿಮ್ಮಕ್ಕ ಕೆಮ್ಮಿದರೂ ಎದ್ದು ಕೂರುತ್ತೀಯೋ? ಅವರ ಸೊಂಟದ ಹೊಲಿಗೆ ಒಣಗಿತೇ? ಕೋಲು ಹಿಡಿದು ಬಚ್ಚಲವರೆಗೆ ಹೋಗುತ್ತಾರೆ ಎಂದಿದ್ದೆ. ಒಳ್ಳೆಯದಾಯಿತು. ಆದರೆ ಬಾಗಿ ಏನನ್ನೂ ಎತ್ತಲು ಬಿಡಬೇಡ. ಅವರಿಗೆ ನೆಲದ ಮೇಲೆ ಒಂದು ಕೂದಲು ಬಿದ್ದಿದ್ದರೂ ಸಹಿಸುವುದಿಲ್ಲ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಬರೆದಿದ್ದೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಇವರೇಕೆ ಕಾಗದ ಬರೆಯಲು ಕೂತರು ಎಂದು ನಿನಗೆ ಅನ್ನಿಸಬಹುದು. ಫೋನು ಬಂತೆಂದರೆ ನಿಮ್ಮಮ್ಮ ಹಾಸಿಗೆಯಲ್ಲೇ ಕಿವಿ ನಿಮಿರಿಸುತ್ತಾರೆ. ಅವರ ವಿಷಯವನ್ನು ಅವರ ಮುಂದೆಯೇ ಹೇಗೆ ಹೇಳಲಿ? ಮೇಲಿನ ಮನೆಯ ಡ್ರೈವರ್ ನಾಳೆ ಬೆಳಿಗ್ಗೆ ನಿಮ್ಮಕ್ಕನ ಊರಿನ ಕಡೆಗೆ ಸರಕು ಒಯ್ಯುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ ಎಂದು ನಿನಗೆ ಗೊತ್ತಿದೆ. ನೀನು ವಾಪಸು ಬರಬೇಕು. ನನ್ನ ಕೈಲಿ ಆಗುತ್ತಿಲ್ಲ.

ನೀನು ಹೊರಡುವಾಗ ಬಾಗಿಲಲ್ಲಿ ನಿಂತು ಏನು ಹೇಳಿದೆ? ಜ್ವರ ಬಿಟ್ಟ ಬಾಯಿ, ಅಮ್ಮ ಬೇರೆ ಏನನ್ನೂ ಮುಟ್ಟಲ್ಲ, ದಿನಾ ಸಂಜೆ ಒಂದು ಬಟ್ಟಲು ಹಣ್ಣು ಹಾಕಿದ ಬಾಸುಂದಿ ಮಾಡಿಕೊಡಿ, ಅದು ಹೊಟ್ಟೆಗೆ ಬಿದ್ದರೆ ಮಾತ್ರೆಯೂ ಒಳಗೆ ಹೋಗುತ್ತೆ ಎಂದೆ. ನಾನೂ ದೊಡ್ಡ ಮನುಷ್ಯನ ಹಾಗೆ, ಅದೇನು ಮಹಾ, ಹಾಲು ಕಾಯಿಸುವುದು ತಾನೇ, ನೀನು ನಿಶ್ಚಿಂತೆಯಿಂದ ಹೋಗಿ ಬಾ ಎಂದೆ. ಆ ಮಾತು ಆಡಿದ ನಾಲಿಗೆಯನ್ನು ಈಗ ಕಚ್ಚಿಕೊಳ್ಳುತ್ತಿದ್ದೇನೆ. ಡಾಕ್ಟರು ಬರುವ ಸೋಮವಾರ ನೋಡುತ್ತಾರೆ. ಆಗಲೂ ಹೀಗೆಯೇ ಉಣ್ಣದೆ ಇದ್ದರೆ ಆಸ್ಪತ್ರೆಗೆ ಸೇರಿಸಿಕೊಂಡು ಮೂಗಿಗೆ ನಳಿಗೆ ಹಾಕುತ್ತೇವೆ ಎಂದು ಹೇಳಿಬಿಟ್ಟಿದ್ದಾರೆ. ಅದನ್ನು ಕೇಳಿದಾಗಿನಿಂದ ನನಗೆ ಅಂಗಡಿಯಲ್ಲಿ ಕೂತರೂ ನೆಮ್ಮದಿಯಿಲ್ಲ, ಮನೆಗೆ ಬಂದರೂ ನೆಮ್ಮದಿಯಿಲ್ಲ.

ನೀನು ಹೇಳಿದ ಒಂದೊಂದು ಮಾತನ್ನೂ ಚಾಚೂ ತಪ್ಪದೆ ಮಾಡಿದ್ದೇನೆ. ಗಟ್ಟಿ ಹಾಲು. ಸಣ್ಣ ಉರಿ. ನಿನ್ನ ಆ ದಪ್ಪ ತಳದ ಹಿತ್ತಾಳೆ ಪಾತ್ರೆಯೇ, ಬೇರೆಯದಲ್ಲ. ಕೆನೆ ಕಟ್ಟಿದ ಹಾಗೆಲ್ಲ ಅಂಚಿಗೆ ಸರಿಸುವುದು, ಅಂಚಿನದನ್ನು ಕೆರೆದು ಒಳಗೆ ಸೇರಿಸುವುದು, ಅರ್ಧಕ್ಕಿಳಿದ ಮೇಲೆ ಸಕ್ಕರೆ, ಏಲಕ್ಕಿ, ಪೂರ್ತಿ ಆರಿದ ಮೇಲೆ ಹಣ್ಣು. ಕೈಯಾಡಿಸಿ ಆಡಿಸಿ ನನ್ನ ರಟ್ಟೆ ಬಿದ್ದುಹೋಗಿದೆ. ದಿನವಿಡೀ ಅಂಗಡಿಯಲ್ಲಿ ಬಹುಮಾನದ ಕಪ್ಪು, ಶೀಲ್ಡುಗಳನ್ನು ಉಜ್ಜಿ ಹೊಳಪು ಬರಿಸುವ ರಟ್ಟೆ ಇದು, ಇದಕ್ಕೇ ಸುಸ್ತಾಯಿತೆಂದರೆ ನೋಡು. ಅಷ್ಟೆಲ್ಲ ಮಾಡಿದರೂ ಹಾಲು ಇನ್ನೇನು ದಪ್ಪಗಾಯಿತು ಎನ್ನುವಾಗ ನೀರೇ ಬೇರೆ, ಹರಳೇ ಬೇರೆ. ಒಂದು ದಿನವಲ್ಲ, ಎರಡು ದಿನವಲ್ಲ, ಮಾಡಿದ ಪ್ರತಿ ದಿನವೂ ಒಡೆದಿದೆ.

ಮೊದಲು ತಂದಿದ್ದು ಕಿತ್ತಳೆ, ಅದರ ಮೇಲೆಯೇ ಗುಮಾನಿಪಟ್ಟೆ. ಹುಳಿ ಹಣ್ಣಲ್ಲವೇ, ಅದು ಹತ್ತಿರ ಇದ್ದದ್ದಕ್ಕೇ ಹಾಲು ಹೆದರಿತೇನೋ ಎಂದು ಸೀತಾಫಲ ತಂದೆ. ಬೀಜ ಬಿಡಿಸಿ ಬಿಡಿಸಿ ಉಗುರೆಲ್ಲ ಕಪ್ಪಾಯಿತು. ಹಣ್ಣು ಬಟ್ಟಲಲ್ಲಿ ಕಾಯುತ್ತಾ ಕೂತಿತ್ತು, ಹಾಲು ಒಲೆಯ ಮೇಲೆಯೇ ಒಡೆಯಿತು. ಆಮೇಲೆ ಹಾಲಿನಂಗಡಿಯವಳ ಹತ್ತಿರ ಹೋಗಿ, ಹಳೇ ಹಾಲು ಕೊಡುತ್ತೀಯ ಎಂದು ರೇಗಿದೆ. ಅವಳು ಬಿಡುತ್ತಾಳೆಯೇ? ಇಡೀ ಬೀದಿಯೇ ಬೆಳಗಿನಿಂದ ಇದೇ ಹಾಲು ಕುಡಿಯುತ್ತಿದೆ, ಯಾರ ಮನೆಯಲ್ಲೂ ಇಲ್ಲದ ಕಾಯಿಲೆ ನಿಮ್ಮ ಮನೆಯಲ್ಲಿ ಹೇಗೆ ಬಂತು ಎಂದು ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದಳು. ಅಂಗಡಿಯಲ್ಲಿ ನನ್ನ ಪಕ್ಕ ಕೂತು ಕಪ್ಪುಗಳ ಮೇಲೆ ಹೆಸರು ಕೊರೆಯುವವನಿದ್ದಾನಲ್ಲ, ಅವನಂತೂ ಹಾಲಿಗೆ ನಿನ್ನ ಮುಖ ಆಗಿಬರುವುದಿಲ್ಲ, ಆ ಕಡೆ ತಿರುಗಿ ನಿಂತು ಕಾಯಿಸು ಎಂದು ಹಲ್ಲು ಕಿರಿಯುತ್ತಾನೆ. ನಗುವವರಿಗೇನು, ನಗುತ್ತಾರೆ.

ಒಂದು ಮಾತು. ಪಾತ್ರೆಯ ವಿಷಯದಲ್ಲಿ ಮಾತ್ರ ನೀನು ನನ್ನನ್ನು ಮೆಚ್ಚಬೇಕು. ನೀನು ಅದಕ್ಕೆ ಬರೀ ನೀರು ಸುರಿದು ಮಗುಚಿಡುವವಳು. ಒಳಗೆಲ್ಲ ಹಾಲಿನ ಕಂದು ಗೆರೆ, ಮದುವೆಯಾದಾಗಿನಿಂದ ಅದನ್ನು ನೋಡಿ ನನ್ನ ಕೈ ತುರಿಸುತ್ತಿತ್ತು. ಈಗ ಬಂದು ನೋಡು. ದಿನಾ ಸಂಜೆ ಒಲೆಗೆ ಇಡುವ ಮೊದಲು ನಿಂಬೆ ಹೋಳಿನಿಂದ ಒಳಗೆ ಹೊರಗೆ ತಿಕ್ಕಿ, ನಮ್ಮ ಅಂಗಡಿಯ ಕ್ರಮದಲ್ಲೇ, ಒಂದು ಹನಿ ನೀರು ಸೋಕಿಸದೆ ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ನೀರು ಬಿದ್ದರೆ ಹೊಳಪಿನ ಮೇಲೆ ಕಲೆ ಕೂರುತ್ತದೆ, ಇದು ನಮ್ಮಲ್ಲಿ ಕೆಲಸ ಕಲಿಯುವವರಿಗೆ ಮೊದಲ ದಿನ ಹೇಳುವ ಮಾತು. ಮುಖ ನೋಡಿಕೊಂಡು ತಲೆ ಬಾಚಬಹುದು, ಹಾಗಿದೆ. ಅಂಥ ಪಾತ್ರೆಯಲ್ಲಿ ಕಾಯಿಸಿದರೂ ಒಡೆಯುತ್ತದೆಂದರೆ ಇನ್ನು ಯಾರನ್ನು ಬೈಯಲಿ?

ಇನ್ನು ನಿಮ್ಮಮ್ಮ. ಅವರು ಬೈದರೂ ಒಂದು ಸಮಾಧಾನ ಇರುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಎದುರಾಗಿಯೇ ಅವರ ಮಂಚವಲ್ಲವೇ, ನಾನು ಒಲೆಯ ಮುಂದೆ ಕುಣಿಯುವುದನ್ನು ದಿಂಬಿಗೊರಗಿ ನೋಡುತ್ತಾ ಇರುತ್ತಾರೆ. ಒಂದು ಮಾತಿಲ್ಲ. ಹಾಲು ಒಡೆದಾಗ ನಾನು ಸೌಟು ಎಸೆದರೆ, ಹೋಗ್ಲಿ ಬಿಡಿ, ನಾಳೆ ನೋಡೋಣ ಎನ್ನುತ್ತಾರೆ. ನಾಳೆ ಏನು ನೋಡುವುದು? ಗಂಜಿ ಕೊಟ್ಟರೆ ಎರಡು ಚಮಚ ಕುಡಿದು ಮುಖ ತಿರುಗಿಸುತ್ತಾರೆ. ಬ್ರೆಡ್ಡು ಬೇಡ, ಅನ್ನ ಬೇಡ, ಸಾರು ಬೇಡ. ಮಾತ್ರೆ ಕೈಗೆ ಕೊಟ್ಟರೆ ಅಲ್ಲಿಟ್ಟಿರಿ, ಆಮೇಲೆ ತಗೋತೀನಿ ಎನ್ನುತ್ತಾರೆ. ಆಮೇಲೆ ನೋಡಿದರೆ ಮಾತ್ರೆ ಇರುವುದಿಲ್ಲ. ಖಾಲಿ ಹೊಟ್ಟೆಗೆ ನುಂಗಿದರೋ, ಕಿಟಕಿಯಿಂದ ಎಸೆದರೋ ದೇವರಿಗೇ ಗೊತ್ತು. ನಿನ್ನೆ ನಾನು ಕೆಳಗಿಳಿದು ಕಿಟಕಿಯ ನೇರಕ್ಕೆ ಕಸದಲ್ಲಿ ಹುಡುಕಿದೆ. ನೆರೆಮನೆಯಾಕೆ ಏನು ಕಳೆದುಕೊಂಡಿರಿ ಎಂದು ಕೇಳಿದಳು. ನನ್ನ ಬುದ್ಧಿ ಎನ್ನಬೇಕೆಂದಿದ್ದೆ, ಏನೂ ಇಲ್ಲ ಎಂದು ಬಂದುಬಿಟ್ಟೆ.

ಒಡೆದದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ. ನೀರು ಸೋಸಿ, ಬಿಡಿಸಿಟ್ಟ ಹಣ್ಣನ್ನೂ ಅದಕ್ಕೇ ಸುರಿದು, ನಿಮ್ಮಮ್ಮನ ಕಿಟಕಿಯ ಕಟ್ಟೆಯ ಮೇಲೆ ಪಕ್ಕದ ಮನೆಯ ಬಿಳಿ ಬೆಕ್ಕಿಗೆಂದು ಇಡುತ್ತೇನೆ. ಅದರ ಅದೃಷ್ಟ ನೋಡು! ನಾನು ಹಾಲಿನವಳ ಹತ್ತಿರ ಅನ್ನಿಸಿಕೊಂಡು, ರಟ್ಟೆ ನೋಯಿಸಿಕೊಂಡು ಮಾಡಿದ್ದನ್ನು ಅದು ಕಿತ್ತಳೆ ತೊಳೆಯ ಸಮೇತ ಖಾಲಿ ಮಾಡಿ ಬಟ್ಟಲನ್ನು ಫಳಫಳ ಎನ್ನಿಸಿಡುತ್ತದೆ. ಆದರೂ ಆ ದರಿದ್ರದ್ದು ಒಂದು ಚೂರು ಮೈ ತುಂಬಿಕೊಂಡಿಲ್ಲ, ಇನ್ನೂ ಪಕ್ಕೆಲುಬು ಕಾಣುತ್ತದೆ. ಕೃತಜ್ಞತೆ ಎಂಬುದು ಯಾರಿಗೂ ಇಲ್ಲ.

ಇವತ್ತಿನದು ಕೊನೆ ಎಂದುಕೊಂಡು ಬಾಳೆಹಣ್ಣು ತಂದಿದ್ದೆ. ಅದಕ್ಕಿಂತ ಸಾಧು ಹಣ್ಣು ಇದೆಯೇ? ಅದೂ ಹಾಗೆಯೇ ಆಯಿತು. ಒಲೆ ಆರಿಸಿ, ಬೆಕ್ಕಿನ ಪಾಲನ್ನು ಬೆಕ್ಕಿಗಿಟ್ಟು, ಇದನ್ನು ಬರೆಯಲು ಕೂತಿದ್ದೇನೆ. ನಿಮ್ಮಕ್ಕನನ್ನು ಈ ಸ್ಥಿತಿಯಲ್ಲಿ ಬಿಟ್ಟು ಬಾ ಎನ್ನಲು ನನಗೆ ನಾಚಿಕೆಯಾಗುತ್ತದೆ. ಅವರಿಗೂ ನಿನ್ನನ್ನು ಬಿಟ್ಟರೆ ಯಾರಿದ್ದಾರೆ? ಆದರೆ ನಿಮ್ಮಮ್ಮನನ್ನು ನನ್ನ ಕೈಗೆ ಕೊಟ್ಟು ಹೋದೆ. ಅವರು ನನ್ನ ಕಣ್ಣೆದುರಿಗೆ ಉಪವಾಸ ಬಿದ್ದು ಆಸ್ಪತ್ರೆ ಸೇರಿದರೆ ನಾಳೆ ನಿನ್ನ ಮುಖವನ್ನು ನಾನು ಹೇಗೆ ನೋಡಲಿ? ನನಗೆ ಭಯವಾಗಿದೆ, ಸುಮ್ಮನೆ ಸಿಟ್ಟೆಂದುಕೊಳ್ಳಬೇಡ. ಶನಿವಾರದ ಬಸ್ಸು ಹಿಡಿದು ಬಾ. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಬೈಯುವುದಿದ್ದರೆ ನನ್ನನ್ನೇ ಬೈಯಲಿ ಎಂದೂ ಹೇಳು.

ಸೋತು ಕೂತಿರುವ,
ನಿನ್ನ ಇವರು

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಡ್ರೈವರ್ ಎಷ್ಟು ಹೊತ್ತಿಗೆ ಹೊರಡುತ್ತಾನೆ ಎಂದು ಕೇಳಲು ಮೇಲೆ ಹೋದರೆ ಈಗಲೇ ಹೊರಟೆ, ಬೇಗ ಕಾಗದ ಕೊಡಿ ಎಂದ. ಓಡಿ ಬಂದೆ. ನಿಮ್ಮಮ್ಮ ಮಂಚದ ಮೇಲೆ ನೆಟ್ಟಗೆ ಕೂತಿದ್ದಾರೆ. ತೊಡೆಯ ಮೇಲೆ ಬೆಕ್ಕಿನ ಬಟ್ಟಲು, ಕೈಯಲ್ಲಿ ಚಮಚ. ಬೆಕ್ಕು ಕಟ್ಟೆಯ ಮೇಲೆ ಕೂತು ಬಾಯಿ ಬಾಯಿ ನೋಡುತ್ತಿದೆ. ಇಷ್ಟು ದಿನವೂ ಹೀಗೆಯೇ! ಅವರೇ ಹೇಳಿದರು: “ಮಾತ್ರೆ ದಿನಾ ತಗೊಂಡಿದೀನಿ, ಹೊಟ್ಟೆ ತುಂಬಿದ ಮೇಲೇನೇ. ನೀವು ಕಸದಲ್ಲೆಲ್ಲ ಹುಡುಕಬೇಡಿ.” ಹಾಲು ಯಾಕೆ ಒಡೆಯುತ್ತದೆಂದೂ ಅವರಿಗೆ ಮೊದಲ ದಿನವೇ ಗೊತ್ತಿತ್ತಂತೆ. ನಿಂಬೆ ತಿಕ್ಕಿ ತೊಳೆಯದೆ ಹಾಲು ಹಾಕಿದರೆ ಅದು ಒಡೆಯದೆ ಇನ್ನೇನಾಗುತ್ತದೆ ಎಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದೆ. “ಹೇಳಿದ್ರೆ ನೀವು ಸರಿಯಾಗಿ ಮಾಡಿಬಿಡ್ತಿದ್ರಿ” ಎಂದರು.

ನಿನ್ನ ಬಾಸುಂದಿ ಅವರಿಗೆ ಎಂದೂ ಹಿಡಿಸಿರಲಿಲ್ಲವಂತೆ, ಗಂಟಲಿಗಂಟುವಷ್ಟು ಸಿಹಿಯಂತೆ. ನೀನು ಚಿಕ್ಕವಳಿದ್ದಾಗ ಮೊದಲ ಸಲ ಮಾಡಿಕೊಟ್ಟೆಯಂತೆ, ಪಾಪ ಎಂದು ಚೆನ್ನಾಗಿದೆ ಅಂದರಂತೆ, ಅಂದಿನಿಂದ ಕಾಯಿಲೆ ಬಿದ್ದಾಗಲೆಲ್ಲ ಅದನ್ನೇ ತಿನ್ನುತ್ತಾ ಬಂದಿದ್ದಾರೆ. ಜ್ವರ ಬಿಟ್ಟ ನಾಲಿಗೆಗೆ ನನ್ನ ಒಡೆದ ಹಾಲಿನ ಹುಳಿಯೇ ಸೇರಿದೆ. ನನ್ನೆದುರು ತಿಂದರೆ ನಿನಗೆ ಫೋನು ಮಾಡಿ ಹೇಳಿಬಿಡುತ್ತೇನೆ, ಮಗಳು ನೊಂದುಕೊಳ್ಳುತ್ತಾಳೆ ಎಂದು ಕದ್ದು ತಿಂದಿದ್ದಾರೆ. ನಿನಗೆ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಹೇಳದಿದ್ದರೆ ನೀನು ಶನಿವಾರ ಬಂದುಬಿಡುತ್ತೀಯಲ್ಲ. ಬೇಸರ ಮಾಡಿಕೊಳ್ಳಬೇಡ, ಗೊತ್ತೆಂದು ತೋರಿಸಿಕೊಳ್ಳಲೂ ಬೇಡ.

ಕೆಳಗೆ ಹಾರ್ನು ಹೊಡೆಯುತ್ತಿದ್ದಾನೆ. ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯಲು ಹೊತ್ತಿಲ್ಲ. ಬರಬೇಡ. ಅಕ್ಕ ಕೋಲು ಬಿಟ್ಟು ನಡೆಯುವವರೆಗೂ ಅಲ್ಲೇ ಇರು. ನೀನಿಲ್ಲದೆ ಆಗದವರು ಈ ಮನೆಯಲ್ಲಿ ಇಬ್ಬರಿದ್ದಾರೆ ಎಂದುಕೊಂಡಿದ್ದೆ. ಒಬ್ಬನೇ ಎಂದು ಈಗ ಗೊತ್ತಾಯಿತು. ಅವನು ಉಳಿದ ಗಂಜಿ ಕುಡಿದುಕೊಂಡು ಕಾಯುತ್ತಾನೆ.