ಕುತ್ತಿಗೆಯ ಸುತ್ತ ಒದ್ದೆ ನೂಲು

ವಾಲ್ ದ ಪೆದ್ರಾ
ಜುಲೈ 19, ಮಧ್ಯಾಹ್ನ, ನೊಣಗಳೂ ಮಲಗಿರುವ ಹೊತ್ತು

ನನ್ನ ಮುದ್ದು ಸೆಲಿಯಾ, ಮತ್ತು ನಿನ್ನ ಹೊಟ್ಟೆಯೊಳಗೆ ಕೂತು ಇದನ್ನೆಲ್ಲ ಕದ್ದು ಕೇಳುತ್ತಿರುವ ಪುಟಾಣಿ,

ಅಪ್ಪ ಕಾಗದ ಬರೆದಿದ್ದಾನೆಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಕತ್ತೆಯೂ ಚೆನ್ನಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಟೋಪಿ ಹಾಕ್ಕೊಂಡ್ಯಾ?" ಎಂದು ಪೊಲೀಸಿನವರ ಹಾಗೆ ವಿಚಾರಣೆ ಶುರುಮಾಡುತ್ತೀಯ, ನನ್ನ ಮಾತಿಗೆ ಸರದಿಯೇ ಬರುವುದಿಲ್ಲ. ಕಾಗದದ ಸುಖವೇ ಬೇರೆ, ಅದು ನಡುವೆ ಬಾಯಿ ಹಾಕುವುದಿಲ್ಲ. ತಪ್ಪುಗಳಿದ್ದರೆ ನೀನೇ ತಿದ್ದಿಕೊ. ಶಾಲೆಯ ಅಂಗಳದಲ್ಲಿ ನನಗಿಂತ ನನ್ನ ಕುರಿಗಳೇ ಹೆಚ್ಚು ದಿನ ಕಳೆದಿವೆ.

ಈಸ್ಟರಿಗೆ ಬಂದಾಗ ಅಡುಗೆಮನೆಯಲ್ಲಿ ನೀನು ಒಂದು ಮಾತು ಹೇಳಿದೆ. "ಅಪ್ಪಾ, ಅಮ್ಮ ಇದ್ದಿದ್ರೆ ಮಗೂಗೆ ಮೊದಲ ಅಂಗಿ ಅವಳೇ ಹೆಣೀತಿದ್ಲು. ಅವಳೇ ಇಲ್ಲ ಅಂದ್ಮೇಲೆ ಇನ್ಯಾರದೋ ಕೈಯಿಂದ ಯಾಕೆ? ಅಂಗಡೀಲಿ ತರ್ತೀನಿ ಬಿಡು. ಈ ಸೆಖೇಲಿ ಉಣ್ಣೆ ಹಾಕಿದ್ರೆ ಮಗು ಬೆಂದೇ ಹೋಗತ್ತೆ." ಆಗ ನಾನು ಹಲ್ಲು ಕಿರಿದೆ. ಆದರೆ ಸೆಲಿಯಾ, ನಮ್ಮ ಮನೆಯ ಯಾವ ಮಗುವೂ ಅಂಗಡಿಯ ಅಂಗಿ ತೊಟ್ಟು ಹೊಸ್ತಿಲು ದಾಟಿದ್ದಿಲ್ಲ. ನನ್ನ ಮೊಮ್ಮಗು ಬೆಲೆಚೀಟಿ ನೇತಾಡಿಸಿಕೊಂಡು ಬರುವುದೇ? ಅದಕ್ಕೇ ನಾನೇ ಹೆಣಿಗೆಯ ಕಡ್ಡಿ ಹಿಡಿದೆ. ಮಗುವಿಗೆ ಅದನ್ನು ತೊಡಿಸುವುದು ಬಿಡುವುದು ನಿನ್ನ ಇಷ್ಟ. ಪೂರ್ತಿ ಓದಿ ಆಮೇಲೆ ಹೇಳು, ಅಷ್ಟೇ.

ನನಗೆ ಬರುವುದು ಕಾಲುಚೀಲ ಮಾತ್ರ ಎಂದು ನಿನಗೆ ಗೊತ್ತು. ನನ್ನಪ್ಪ ಕುರಿ ಕಾಯುತ್ತಾ ಹೆಣೆಯುತ್ತಿದ್ದ, ನಾನೂ ಹಾಗೇ. ನೂಲನ್ನು ಕುತ್ತಿಗೆಯ ಸುತ್ತ ಹಾಯಿಸಿ, ಕಡ್ಡಿಗಳನ್ನು ಎದೆಯ ಮುಂದೆ ಹಿಡಿದರೆ ಕಣ್ಣು ಕುರಿಯ ಮೇಲೇ ಇರಬಹುದು. ಹಳೆಯ ಅಭ್ಯಾಸದಂತೆ ಮೊದಲು ಉಣ್ಣೆಯಲ್ಲೇ ತೋಳು ಶುರುಮಾಡಿದೆ, ತೆಳ್ಳಗೆ ಹೆಣೆದರಾಯಿತು ಎಂದುಕೊಂಡು. ಈ ಜುಲೈ ಹೇಗಿದೆಯೆಂದರೆ ಕೋಳಿಗಳು ಬಾಯಿ ತೆರೆದುಕೊಂಡೇ ನಿದ್ದೆ ಮಾಡುತ್ತವೆ. ಬೆವರಿಗೆ ಉಣ್ಣೆ ಉಜ್ಜಿ ಉಜ್ಜಿ ಕುತ್ತಿಗೆಯ ಸುತ್ತ ಕೆಂಪು ಬಳೆ ಎದ್ದಿತು. ಕ್ಷೌರದ ಅಬಿಲಿಯೊ ಗಡ್ಡ ಹೆರೆಯುತ್ತಾ ಅದನ್ನು ನೋಡಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗಿದ.

"ನೋಡ್ರಪ್ಪಾ ಇಲ್ಲಿ! ಕಟ್ಟಿಹಾಕೋಕೆ ಹೆಂಡ್ತಿ ಇಲ್ಲ, ಆದ್ರೂ ಜೆಫೆರಿನೊ ಕುತ್ತಿಗೆಗೆ ಹಗ್ಗ ಬಿಟ್ಟಿಲ್ಲ!"

"ನಿನ್ನ ಹೆಂಡ್ತಿ ಬಿಚ್ಚಿ ಬಿಟ್ಟಿದ್ದಾಳಲ್ಲ, ನೀನು ಎಷ್ಟು ದೂರ ಹೋದೆ? ಹೆಂಡದಂಗಡಿವರೆಗೆ ತಾನೆ?" ಎಂದೆ. ಮುಖದ ಮೇಲೆ ಕತ್ತಿ ಇರುವಾಗ ಇಂಥ ಮಾತಾಡಬಾರದು. ಕಿವಿಯ ಹತ್ತಿರ ಸ್ವಲ್ಪ ಗೀರಿದ.

ಆ ರಕ್ತ ಒರೆಸಿಕೊಳ್ಳುತ್ತಾ ಬ್ರೆಡ್ ತರಲು ಹೋದೆ. ಒಲೆಮನೆಯ ಜಸಿಂತಾ ನೆನಪಿದ್ದಾಳಲ್ಲ, ಉತ್ತರದ ಕಡೆಯಿಂದ ಮದುವೆಯಾಗಿ ಬಂದವಳು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದು ಊರಿಗೆಲ್ಲ ಬ್ರೆಡ್ ಸುಡುವವಳು? ಅವಳು ನನ್ನ ಕುತ್ತಿಗೆ ನೋಡಿ, ಒಳಗೆ ಹೋಗಿ, ಬೂದುಬಣ್ಣದ ನೂಲಿನ ಲಡಿಯೊಂದನ್ನು ತಂದು ಬ್ರೆಡ್ಡಿನ ಮೇಲಿಟ್ಟಳು. ಅಗಸೆ ನಾರಿನ ನೂಲು. ಅವಳ ತಾಯಿ ತೋಟದಲ್ಲಿ ಅಗಸೆ ಬೆಳೆದು, ನೀರಲ್ಲಿ ಕೊಳೆಸಿ, ಬಡಿದು, ನೂತದ್ದಂತೆ. "ಕುರಿ ಚಳಿಗೆ, ಗಿಡ ಸೆಖೆಗೆ. ಇಷ್ಟೂ ಗೊತ್ತಿಲ್ವಾ ಕುರುಬನಿಗೆ?" ಎಂದಳು.

ನನಗೆಲ್ಲಿ ಗೊತ್ತು? ನಾನು ಗಿಡ ತಿನ್ನಿಸಿದವನು, ಉಟ್ಟವನಲ್ಲ.

ಇನ್ನು ನನ್ನ ಘನಕಾರ್ಯ ಕೇಳು. ನಮ್ಮಲ್ಲಿ ಕಾಲುಚೀಲವನ್ನು ದೊಡ್ಡದಾಗಿ ಹೆಣೆದು, ಆಮೇಲೆ ಬಿಸಿನೀರಿನ ತೊಟ್ಟಿಯಲ್ಲಿ ಹಾಕಿ ತುಳಿದು, ಉಣ್ಣೆ ಮುದುಡಿ ಕಾಲಿಗೆ ಸರಿಯಾಗುವವರೆಗೂ ಬಿಡುವುದಿಲ್ಲವಷ್ಟೆ? ಈ ನಾರಿನ ಅಂಗಿಯನ್ನೂ ಅದೇ ಲೆಕ್ಕದಲ್ಲಿ ದೊಡ್ಡದಾಗಿ ಹೆಣೆದೆ. ಪ್ಯಾಂಟು ಮಡಿಸಿ ತೊಟ್ಟಿಗಿಳಿದೆ. ತುಳಿದೆ. ಹಾಡು ಹೇಳಿಕೊಂಡು ತುಳಿದೆ. ಅದು ಮುದುಡುವ ಸೂಚನೆಯೇ ಇಲ್ಲ! ಇನ್ನಷ್ಟು ಬಿಸಿನೀರು ಸುರಿದು ತುಳಿದೆ. ಕಾಲು ಬೆಂದಿತು, ಅಂಗಿ ನನ್ನನ್ನೇ ನೋಡುತ್ತಿತ್ತು. ಒಣಗಿದರೆ ಮುದುಡೀತು ಎಂದು ಒದ್ದೆಯದನ್ನೇ ಭುಜ ಹಿಡಿದು ಅಂಜೂರದ ಕೊಂಬೆಗೆ ನೇತುಹಾಕಿದೆ. ಅಗಸೆ ನೂಲು ತನ್ನ ಭಾರಕ್ಕೆ ತಾನೇ ಜಗ್ಗುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ನಿದ್ದೆ ಮಾಡಿ ಎದ್ದು ನೋಡಿದರೆ ಮಗುವಿನ ಅಂಗಿ ನನ್ನ ಮೊಣಕಾಲವರೆಗೆ ಇಳಿದಿದೆ, ತೋಳುಗಳು ನೆಲ ಮುಟ್ಟಿ ಇರುವೆ ಹತ್ತಿಸಿಕೊಂಡಿವೆ.

ಅಷ್ಟರಲ್ಲಿ ಅಬಿಲಿಯೊ ಬೇಲಿಯಾಚೆ. "ಜೆಫೆರಿನೊ, ನಿನ್ ಮಗಳು ಹೆರೋದು ಮಗೂನಾ, ಮಿಲಿಟರಿಯವನನ್ನಾ?" ಅವನು ಹೋಗಿ ಜಸಿಂತಾಳನ್ನೂ ಕರೆತಂದ. ಅವಳು ಅಂಗಿ ನೋಡಿದಳು, ಬೆಂದ ನನ್ನ ಕಾಲು ನೋಡಿದಳು, ಗೋಡೆ ಹಿಡಿದುಕೊಂಡು ನಗತೊಡಗಿದಳು. ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡು, "ಅಯ್ಯೋ ಪುಣ್ಯಾತ್ಮಾ, ನಾರನ್ನ ತುಳಿದ್ಯಾ? ಅದೇನು ದ್ರಾಕ್ಷೀನಾ?" ಎಂದಳು. ಮತ್ತೆ ನಕ್ಕಳು. ಸೆಲಿಯಾ, ನಿಮ್ಮಮ್ಮ ಹೋದಮೇಲೆ ನಮ್ಮ ಅಂಗಳದಲ್ಲಿ ಹಾಗೆ ಯಾರೂ ನಕ್ಕಿರಲಿಲ್ಲ. ಕತ್ತೆ ಕೂಡ ತಿರುಗಿ ನೋಡಿತು.

ಎಲ್ಲ ಬಿಚ್ಚಿದೆವು. ಈಗ ದಿನಾ ಮಧ್ಯಾಹ್ನ ಜಸಿಂತಾಳ ಅಂಗಳಕ್ಕೇ ಹೋಗಿ ಹೆಣೆಯುತ್ತೇನೆ, ಅಲ್ಲಿ ನೆರಳು ಚೆನ್ನಾಗಿದೆ. ನಮ್ಮಲ್ಲೂ ಅಂಜೂರದ ಮರವಿದೆಯಲ್ಲ ಎನ್ನಬೇಡ. ಅದರ ನೆರಳು ಈಚೆಗೆ ಸ್ವಲ್ಪ ಹಳತಾಗಿದೆ.

ಅಲ್ಲಿ ಕಲಿತ ವಿದ್ಯೆ ಹೇಳುತ್ತೇನೆ, ಕಿವಿಗೊಡು. ಅಗಸೆ ನೂಲು ಒಣಗಿದ್ದರೆ ತಂತಿಯ ಹಾಗೆ ಸೆಟೆಯುತ್ತದೆ, ಒದ್ದೆಯಾದರೆ ಹೇಳಿದ ಮಾತು ಕೇಳುತ್ತದೆ. ಅದಕ್ಕೆ ನೂಲನ್ನು ಬಾವಿನೀರಿನ ಬೋಗುಣಿಯಲ್ಲಿಟ್ಟು ಹೆಣೆಯಬೇಕು. ಆ ತಣ್ಣಗಿನ ಒದ್ದೆ ನೂಲು ನನ್ನ ಕೆಂಪು ಕುತ್ತಿಗೆಯ ಸುತ್ತ ಮೆಲ್ಲಗೆ ಹರಿದು ಬಂದಾಗ, ಅಬ್ಬಾ! ಬೇಸಿಗೆಗೆಲ್ಲ ಒಂದು ಪುಟ್ಟ ಹೊಳೆಯನ್ನು ಕೊರಳಿಗೆ ಹಾಕಿಕೊಂಡ ಹಾಗೆ. ನಾನು ಕಣ್ಣು ಮುಚ್ಚಿ "ಆಹಾ" ಎಂದದ್ದು ಬೀದಿಗೆ ಕೇಳಿಸಿತು. ಅಬಿಲಿಯೊ ಇಣುಕಿದ.

"ಒಂಚೂರು ನಂಗೂ ಕೊಡೋ."

"ಹೆಣಿಯೋಕೆ ಬರತ್ತಾ ನಿಂಗೆ?"

"ಹೆಣಿಯೋದು ಯಾರಿಗೆ ಬೇಕಾಗಿದೆ? ಕುತ್ತಿಗೆಗೆ ಸುತ್ತು ಸಾಕು!"

ಸುತ್ತಿದೆವು. ಮರುದಿನ ಅವನ ಅಂಗಡಿಗೆ ಬಂದವರೆಲ್ಲ ಕೇಳಿದರು. ಈಗ ಊರಿನ ಅರ್ಧ ಗಂಡಸರು ಕೊರಳಲ್ಲಿ ಒದ್ದೆ ನೂಲು ಸುತ್ತಿಕೊಂಡು ಹೆಂಡದಂಗಡಿಯ ಮುಂದೆ ಕೂತಿರುತ್ತಾರೆ, ಯಾರೋ ಕಟ್ಟಿಹಾಕಿ ಮರೆತುಹೋದ ಕರುಗಳ ಹಾಗೆ. ಪಾದ್ರಿಯವರೂ ಒಂದು ಎಳೆ ಒಯ್ದಿದ್ದಾರೆ, ಕಾಲರಿನ ಒಳಗೆ ಕಾಣುವುದಿಲ್ಲ.

ಎರಡನೆಯ ಅಂಗಿಯನ್ನು ನಾನು ಮುದುಡುವ ಲೆಕ್ಕವಿಟ್ಟು ಹೆಣೆಯಲಿಲ್ಲ. ಇದ್ದಷ್ಟೇ ಅಳತೆ. ಆದರೆ ಅಳತೆಗೆ ಮಗು ಬೇಕಲ್ಲ? ಜಸಿಂತಾ ತೂಕ ನೋಡಿ ಒಂದು ಕರಬೂಜ ಆರಿಸಿದಳು. ಅದಕ್ಕೆ ತೊಡಿಸಿ ನೋಡಿದೆವು. ಅಬಿಲಿಯೊ ಅದನ್ನೆತ್ತಿ ತೂಗಿ, ಮುತ್ತಿಟ್ಟು, "ಅಜ್ಜನ ಹಾಗೇ ಇದೆ, ತಲೆಮೇಲೆ ಒಂದೂ ಕೂದಲಿಲ್ಲ" ಎಂದ. ನಕ್ಕು ನಕ್ಕು ಕರಬೂಜ ತಿಂದೆವು. ಗಾಬರಿಯಾಗಬೇಡ, ಅಂಗಿ ಬಿಚ್ಚಿಯೇ ತಿಂದದ್ದು. ಒಗೆದು, ಈ ಸಲ ನೇತುಹಾಕದೆ ಚಪ್ಪಡಿಯ ಮೇಲೆ ಹಾಸಿ ಒಣಗಿಸಿದೆ. ಕೆನ್ನೆಗೆ ಒತ್ತಿ ನೋಡಿದೆ. ಬೆಳಗಿನ ಜಾವದ ದಿಂಬಿನ ಹಾಗೆ ತಂಪಾಗಿದೆ.

ಪ್ರತಿ ಕುಣಿಕೆಯೂ ನಿಮ್ಮಪ್ಪನ ಕೈಯದು, ಸೆಲಿಯಾ. ಹೊರಗಿನವರದ್ದಲ್ಲ. ನಾಳೆ ಅಂಚೆಗೆ ಹಾಕುತ್ತೇನೆ. ಮಗು ಬರುವುದು ಆಗಸ್ಟಿಗಾದ್ದರಿಂದ ಬೇಕಾದಷ್ಟು ಸಮಯವಿದೆ. ಇಷ್ಟವಾದರೆ ತೊಡಿಸು. ಆಗದಿದ್ದರೆ ಅಂಗಡಿಯದನ್ನೇ ತೊಡಿಸು, ನಾನೇನೂ ಮುಖ ಊದಿಸಿಕೊಳ್ಳುವುದಿಲ್ಲ. ಒಂದು ವಾರ ಊದಿಸಿಕೊಳ್ಳಬಹುದು.

ಹೊಟ್ಟೆಗೊಂದು, ಹಣೆಗೊಂದು ಮುತ್ತು ಕಳಿಸುತ್ತಾ,
ತಣ್ಣಗಿನ ಕುತ್ತಿಗೆಯ ನಿನ್ನಪ್ಪ
ಜೆಫೆರಿನೊ

ತಾ.ಕ.: ಸಹಿ ಆರುವ ಮೊದಲೇ ತೆಲ್ಮೊ ಫೋನ್ ಮಾಡಿದ. "ಮಾವಾ, ಹೆಣ್ಣು! ಅವಸರದವಳು, ಇವತ್ತೇ ಬಂದ್ಬಿಟ್ಲು! ಇಬ್ರೂ ಚೆನ್ನಾಗಿದ್ದಾರೆ, ನಾನೊಬ್ನೇ ಸರಿಯಿಲ್ಲ!" ಎಂದು ಅತ್ತ. ನಿನ್ನ ಗಂಡ ಒಳ್ಳೆಯವನು, ಅಳಲು ಬರುತ್ತದೆ. ಹಾಗಾಗಿ ಅಂಚೆ ಬೇಡವೆಂದು, ನಿನ್ನ ಆಸ್ಪತ್ರೆಗೇ ಬರಲು ಎವೊರಾದ ಬಸ್ಸು ಹತ್ತಿದ್ದೇನೆ. ಅಕ್ಷರ ಕುಣಿಯುತ್ತಿರುವುದು ರಸ್ತೆಯಿಂದ. ಇದನ್ನು ತೆಲ್ಮೊ ಕೈಯಲ್ಲಿ ಒಳಗೆ ಕಳಿಸುತ್ತೇನೆ, ನಮ್ಮನ್ನು ಕರೆಯುವ ಮೊದಲೇ ಓದು.

ನಮ್ಮನ್ನು ಎಂದೆನಲ್ಲ. ಜಸಿಂತಾ ಜೊತೆಗಿದ್ದಾಳೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಅಂಗಿಯ ತೋಳೆರಡು ಮಾತ್ರ ನನ್ನವು, ಹಿಮ್ಮಡಿಯಿಲ್ಲದ ಕಾಲುಚೀಲಗಳು ಅಷ್ಟೇ. ಉಳಿದದ್ದೆಲ್ಲ ಅವಳು ಹೆಣೆದದ್ದು. "ಮಗಳಿಗೆ ಹೇಳ್ಬೇಡ, ಅವಳಿಗೆ ನೋವಾಗತ್ತೆ" ಎಂದು ಬಾಯಿ ಕಟ್ಟಿದ್ದಳು. ಆದರೆ ಕುತ್ತಿಗೆಪಟ್ಟಿಯ ಹೂವು ನೋಡು. ನೀನು ಹುಟ್ಟಿದಾಗ ತೊಡಿಸಿದ್ದ ಅಂಗಿಯಲ್ಲಿ ಹುಳ ತಿಂದು ಉಳಿದಿದ್ದದ್ದು ಅದೊಂದೇ. ಅದು ನಿಮ್ಮಮ್ಮನ ಕೈಯದು. ಜಸಿಂತಾ ಅದನ್ನು ಬೆಳಕಿಗೆ ಹಿಡಿದು, ಕುಣಿಕೆ ಕುಣಿಕೆ ನೋಡಿ ಕಲಿತಳು.

ಟಿಕೆಟ್ ಕೊಡುವಾಗ ಡ್ರೈವರ್ ಕೇಳಿದ, "ಯಜಮಾನ್ತಿನೂ ಎವೊರಾಕ್ಕಾ?" ನಾನು ಹೂಂ ಎಂದುಬಿಟ್ಟೆ. ಅವಳು ತಿದ್ದಲಿಲ್ಲ. ಈಗ ಕಿಟಕಿಯ ಕಡೆ ತಿರುಗಿ ನಗುತ್ತಿದ್ದಾಳೆ.

ಅಂಗಿಯ ಪೊಟ್ಟಣ ಅವಳ ಮಡಿಲಲ್ಲಿದೆ. ಡಾಕ್ಟರು ಒಬ್ಬರನ್ನೇ ಒಳಗೆ ಬಿಡುತ್ತೇವೆಂದರೆ ಅವಳನ್ನು ಕರೆ, ಮಗಳೇ. ನಾನು ಹೇಗಾದರೂ ನುಗ್ಗುತ್ತೇನೆ.